ಸುಟ್ಟ ಪಕ್ಕಾಸಿನ ಬಿಸಿನೀರು

ಮೊನ್ನೆ ಪಕ್ಕದ ಹೊಸ ಕಟ್ಟಡದ ಮೇಲಿನ ಮಾಳಿಗೆಗೆ ಬಾಡಿಗೆಗೆ ಬಂದ ಹುಡುಗಿ ಪರಿಚಯ ಮಾಡಿಕೊಳ್ಳಲು ನಮ್ಮ ಮನೆಗೆ ಬಂದಿದ್ದಳು. ಕಾಫಿ ಕುಡಿದಳು, ಚಕ್ಕುಲಿ ತಿಂದಳು, ಹೊರಡುವಾಗ ಅಂಗಳದಲ್ಲಿ ನಿಂತು ಹಂಚಿನ ಮಾಡಿನ ಕಡೆ ಕತ್ತೆತ್ತಿದಳು. "ಆಂಟಿ, ಒಂದು ಕೇಳ್ಲಾ? ಮೇಲಿನಿಂದ ನೋಡಿದರೆ ನಿಮ್ಮ ಮನೆಯ ಮುಂದಿನ ಮಾಡು ಸರಿ ಉಂಟು. ಹಿಂದಿನದ್ದು ಮಾತ್ರ ಒಂದು ಹಂಚು ಕೆಂಪು, ಒಂದು ಕಪ್ಪು, ಒಂದು ಪಾಚಿ ಬಣ್ಣ. ಯಾಕೆ ಹಾಗೆ?" ಎಂದಳು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಅವಳೇ ಹೇಳಿದ್ದಳು, ಹಾಗಾಗಿ "ಊರವರು ಕೊಟ್ಟ ಹಂಚು ಮಗಾ" ಎಂದಷ್ಟೇ ಹೇಳಿ ಕಳಿಸಿದೆ. ನೀವು ಹಾಲು ಇಟ್ಟು ಬಂದಿಲ್ಲದಿದ್ದರೆ ಕೂತುಕೊಳ್ಳಿ, ಪೂರ್ತಿ ಹೇಳುತ್ತೇನೆ.

ನಮ್ಮ ಕಡೆ ಹಂಚಿನ ಮನೆ ಕಟ್ಟಿದವರು ಯಾರೂ ಬೇಕಾದಷ್ಟೇ ಹಂಚು ತರುವುದಿಲ್ಲ. ಸ್ವಲ್ಪ ಹೆಚ್ಚೇ ತಂದು, ಉಳಿದದ್ದನ್ನು ಹಿತ್ತಿಲ ಗೋಡೆಗೆ ಒರಗಿಸಿ ಇಟ್ಟಿರುತ್ತಾರೆ. ತೆಂಗಿನಕಾಯಿ ಬಿದ್ದು ಒಡೆದದ್ದಕ್ಕೆ, ಮಂಗ ಕುಣಿದು ಒಡೆದದ್ದಕ್ಕೆ, ಟಿವಿಯ ಆಂಟೆನಾ ತಿರುಗಿಸಲು ಹತ್ತಿದ ಗಂಡಸರು ತುಳಿದು ಒಡೆದದ್ದಕ್ಕೆ ಅದು ಬೇಕು. ಆ ರಾಶಿಯ ಅಡಿಯಲ್ಲಿ ಚೇಳು ಇರುತ್ತದೆ ಎಂದು ಮಕ್ಕಳನ್ನು ಹೆದರಿಸುವುದಕ್ಕೂ ಬೇಕು. ಹಿರಿಯಡ್ಕದ ನನ್ನ ತವರಿನಲ್ಲಿ ಅಂಥ ರಾಶಿಯ ಹಿಂದೆ ನಾನು ಗೇರುಬೀಜ ಅಡಗಿಸಿಡುತ್ತಿದ್ದೆ. ಚೇಳು ಒಂದು ದಿನವೂ ಸಿಗಲಿಲ್ಲ. ಗೇರುಬೀಜ ಮಾತ್ರ ಅಣ್ಣನಿಗೆ ಸಿಗುತ್ತಿತ್ತು.

ಹಿರಿಯಡ್ಕ ಎಂದಾಗ ಬಚ್ಚಲುಮನೆಯ ನೆನಪು ಬರದೆ ಹೋಗುವುದಿಲ್ಲ. ಮನೆಯಿಂದ ಸ್ವಲ್ಪ ದೂರ, ಕರಿ ಹಿಡಿದ ಗೋಡೆ, ಹುಗಿದಿಟ್ಟ ತಾಮ್ರದ ಹಂಡೆ, ಅದರ ಅಡಿಯಲ್ಲಿ ಸಂಜೆಯಿಡೀ ಉರಿಯುವ ಒಲೆ. ಶಾಲೆಯಿಂದ ಬಂದವರು ಮೊದಲು ಒಲೆಯ ಬಾಯಿಗೆ ಒಂದಿಷ್ಟು ತೆಂಗಿನ ಒಣ ಮಡಲು ತುರುಕಬೇಕು, ಆಮೇಲೆ ತಿಂಡಿ. ಮೇ ತಿಂಗಳು ಬಂತೆಂದರೆ ಮಳೆಗಾಲಕ್ಕೆ ಸೌದೆ ಕೂಡಿಹಾಕುವ ಗಡಿಬಿಡಿ. ತೆಂಗಿನ ಮಡಲು, ಸಿಪ್ಪೆ, ಗೆರಟೆ, ಬಿದ್ದ ಮಾವಿನ ಗೆಲ್ಲು, ಯಾವುದನ್ನೂ ಬಿಡುವ ಹಾಗಿಲ್ಲ. ಮದುವೆಗೆ ಹೋದ ಹೆಂಗಸರು ಕೂಡ "ನಿಮ್ಮದು ಕಟ್ಟಿಗೆ ಆಯ್ತಾ?" ಎಂದೇ ಕೇಳುವುದು. ಆಯ್ತು ಎಂದವಳ ಮುಖದಲ್ಲಿ ಒಂದು ಗತ್ತು, ಆಗಲಿಲ್ಲ ಎಂದವಳಿಗೆ ಊಟ ರುಚಿಸುವುದಿಲ್ಲ. ನಾನು ಮಣಿಪಾಲದ ಒಂದು ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು ಕೆಲಸ ಮಾಡುವ ಗುಮಾಸ್ತೆಯಾದ ಮೇಲೂ ರಸ್ತೆ ಬದಿಯಲ್ಲಿ ಒಳ್ಳೆಯ ಕೊಂಬೆ ಬಿದ್ದಿದ್ದರೆ ಬಸ್ಸಿನೊಳಗಿಂದ ಹೊಟ್ಟೆ ಉರಿದುಕೊಂಡು ನೋಡುತ್ತಿದ್ದೆ.

ಮದುವೆಯಾಗಿ ಬಂದದ್ದು ಕಾಪುವಿಗೆ. ಹೆದ್ದಾರಿಯಿಂದ ಸಮುದ್ರದ ಕಡೆಗೆ ಇಳಿಯುವ ಒಂದು ಓಣಿಯಲ್ಲಿ ನಮ್ಮ ಮನೆ. ಮನೆಯಲ್ಲಿ ಇವರು, ನಾನು, ಅತ್ತೆ. ಇವರು, ಅಂದರೆ ನನ್ನ ಗಂಡ, ಕಾರ್ಕಳದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವ ಜನ. ಹಗಲಿಗೆ ಅತ್ತೆಯ ಜೊತೆಗಾತಿ ಎಂದರೆ ಪಡುವಣ ಮಗ್ಗುಲ ಮನೆಯ ಲೀಲಕ್ಕ. ಲೀಲಕ್ಕನ ಗಂಡ ಮುಂಬಯಿಯ ಹೋಟೆಲಿನಲ್ಲಿ, ವರ್ಷಕ್ಕೊಮ್ಮೆ ಬರುವವರು. ಲೀಲಕ್ಕ ಬೀಡಿ ಕಟ್ಟುತ್ತಿದ್ದಳು. ಮಡಿಲಲ್ಲಿ ಮೊರ ಇಟ್ಟುಕೊಂಡು ನಮ್ಮ ಜಗಲಿಗೇ ಬಂದು ಕೂರುತ್ತಿದ್ದಳು. ಕೈ ಬೀಡಿ ಕಟ್ಟುತ್ತಿತ್ತು, ಬಾಯಿ ಅತ್ತೆಯ ಜೊತೆ ಜಗಳ ಮಾಡುತ್ತಿತ್ತು. ಎರಡೂ ಒಂದೇ ವೇಗದಲ್ಲಿ. ಅವರ ಮಾತೆಲ್ಲ ತುಳುವಿನಲ್ಲಿ, ನಾನು ಇಲ್ಲಿ ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ. ಅದರ ಖಾರ ಅರ್ಧ ಹೋಗಿಬಿಟ್ಟಿದೆ, ಕ್ಷಮಿಸಿ.

ಲೀಲಕ್ಕನ ಬಚ್ಚಲುಮನೆ ನಮ್ಮ ಅಡುಗೆಮನೆಯ ಗೋಡೆಗೆ ಕೈ ಚಾಚುವಷ್ಟು ಹತ್ತಿರ. ಅದಕ್ಕೆ ತಾಗಿಕೊಂಡೇ ಮಡಲು ಹೊದೆಸಿದ ಒಂದು ಕೊಟ್ಟಿಗೆ. ಕೊಟ್ಟಿಗೆ ತುಂಬ ಮಳೆಗಾಲದ ಕಟ್ಟಿಗೆ. ಅವಳದ್ದು ಯಾವಾಗಲೂ ನಮ್ಮದಕ್ಕಿಂತ ಮೊದಲು ತುಂಬುತ್ತಿತ್ತು. ಅತ್ತೆಗೆ ಅದೊಂದು ಸಂಕಟ.

ಬೆಂಕಿ ಬಿದ್ದದ್ದು ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ಸಮಯವಾದ ಮೇಲೆ, ಇಂಥದ್ದೇ ಒಂದು ಮೇ ತಿಂಗಳಲ್ಲಿ. ಮೊಬೈಲ್ ಆಗಿನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ನಾನು ಆಫೀಸು ಬಿಟ್ಟು, ಉಡುಪಿಯಲ್ಲಿ ಬಸ್ಸು ಬದಲಿಸುವಾಗ ಮಾರ್ಕೆಟಿಗೆ ನುಗ್ಗಿ, ಆ ಸೀಸನ್ನಿನ ಕೊನೆಯ ಮಟ್ಟುಗುಳ್ಳ ಬದನೆ ಕೊಂಡು, ಕಾಪುವಿನಲ್ಲಿ ಇಳಿದೆ. ಅಂದು ಗುಳ್ಳದ ಹುಳಿ ಮಾಡಿ, ಅದನ್ನು ತಿನ್ನದೆ ಎಷ್ಟು ದಿನವಾಯಿತು ಎನ್ನುತ್ತಿದ್ದ ಇವರ ಬಾಯಿ ಮುಚ್ಚಿಸಬೇಕೆಂದು ನನ್ನ ಆಸೆ. ಇಳಿದ ಕೂಡಲೇ ಗುರುತಿನ ರಿಕ್ಷಾದವನು, "ಅಕ್ಕಾ ಹತ್ತಿ, ಬೇಗ ಹತ್ತಿ, ನಿಮ್ಮ ಓಣಿಯಲ್ಲಿ ಬೆಂಕಿಯಂತೆ!" ಎಂದ. ನಾನು ಹತ್ತಿದೆನೋ ಅವನೇ ಎಳೆದು ಹಾಕಿಕೊಂಡನೋ ನೆನಪಿಲ್ಲ.

ಓಣಿ ತುಂಬ ಜನ. ಲೀಲಕ್ಕನ ಕೊಟ್ಟಿಗೆ ಆಗಲೇ ನೆಲ ಕಂಡಿತ್ತು. ಬೆಂಕಿ ಹಾರಿ ನಮ್ಮ ಅಡುಗೆಮನೆ, ಉಗ್ರಾಣಗಳ ಮಾಡು ಹಿಡಿದಿತ್ತು. ಹಂಚುಗಳು ಪಟಪಟನೆ ಸಿಡಿಯುತ್ತಿದ್ದವು. ಬಾವಿಯಿಂದ ನಮ್ಮ ಹಿತ್ತಿಲಿನವರೆಗೆ ಸಾಲು ನಿಂತು ಕೊಡಪಾನ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಮೀನು ಮಾರುವವರು, ಬ್ಯಾರಿಗಳ ಅಂಗಡಿಯವರು, ಎರಡು ವರ್ಷದಿಂದ ನಮ್ಮೊಡನೆ ಮಾತು ಬಿಟ್ಟಿದ್ದ ಎದುರುಮನೆಯವರು, ಎಲ್ಲರೂ ಆ ಸಾಲಿನಲ್ಲಿ ಇದ್ದರು. ನಾನೂ ಸೇರಿಕೊಂಡೆ. ಉಡುಪಿಯಿಂದ ಬೆಂಕಿ ಆರಿಸುವ ಗಾಡಿ ಬಂದು ಪೈಪು ಎಳೆದು ನೀರು ಹೊಡೆದ ಮೇಲೆ ಎಲ್ಲ ತಣ್ಣಗಾಯಿತು. ಮುಂದಿನ ಅರ್ಧ ಮನೆ ಉಳಿಯಿತು. ಯಾರೋ ನನ್ನ ಭುಜ ಹಿಡಿದು ಕೂರಿಸಿ, "ಇನ್ನಾದರೂ ಆ ಚೀಲ ಕೆಳಗಿಡಿ ಮಾರಾಯ್ರೇ" ಎಂದರು. ನೋಡುತ್ತೇನೆ, ಗುಳ್ಳದ ಚೀಲ ಮೊಣಕೈಯಲ್ಲಿ ಹಾಗೇ ನೇತಾಡುತ್ತಿದೆ! ಅಷ್ಟು ಹೊತ್ತೂ ಅದನ್ನು ಹೊತ್ತುಕೊಂಡೇ ನೀರು ದಾಟಿಸಿದ್ದೆ.

ಅತ್ತೆ ಎಲ್ಲಿ ಎಂದು ಹುಡುಕಿದರೆ ಓಣಿಯಾಚೆ ಮಾವಿನ ಮರದ ಕೆಳಗೆ ಕೂತಿದ್ದರು. ಮಡಿಲಲ್ಲಿ ಒಂದು ದೊಡ್ಡ ಬುಟ್ಟಿ, ಬುಟ್ಟಿ ತುಂಬ ಅರ್ಧ ಒಣಗಿದ ಹಲಸಿನ ಹಪ್ಪಳ. ಲೋಕದವರು ಬೆಂಕಿಯಿಂದ ಚಿನ್ನ ತೆಗೆಯುತ್ತಾರೆ, ಮನೆಯ ಪತ್ರ ತೆಗೆಯುತ್ತಾರೆ. ನಮ್ಮ ಅತ್ತೆ ಹಪ್ಪಳ ಉಳಿಸಿದ್ದರು, ಸೊಸೆ ಗುಳ್ಳ ಉಳಿಸಿದ್ದಳು. ಮುಂದೆ ಬಹಳ ಕಾಲ ಊರಲ್ಲಿ ನಮ್ಮನ್ನು ಗೇಲಿ ಮಾಡುವುದಕ್ಕೆ ಇಷ್ಟು ಸಾಕಾಯಿತು. ಆದರೆ ಅವತ್ತು ಅತ್ತೆ ಬುಟ್ಟಿಯ ಅಂಚು ಹಿಡಿದುಕೊಂಡು ನೆಲ ನೋಡುತ್ತ ಕೂತಿದ್ದರು. ಹೆದರಿದ್ದಾರೆ ಪಾಪ ಎಂದುಕೊಂಡೆ.

ಮರುದಿನ ನಾನು ಬೂದಿಯ ನಡುವೆ ನಿಂತು ಎಲ್ಲಿಂದ ಶುರು ಮಾಡುವುದೆಂದು ತೋಚದೆ ಅಳುತ್ತಿರುವಾಗ ಓಣಿಯವರು ಒಬ್ಬೊಬ್ಬರಾಗಿ ಬಂದರು. ಯಾರನ್ನೂ ನಾವು ಕರೆದಿರಲಿಲ್ಲ. ಮಳೆ ಹಿಡಿಯುವ ಮೊದಲು ಮಾಡು ಆಗಲೇಬೇಕು ಎನ್ನುವುದು ಅವರಿಗೆ ಹೇಳಿಕೊಡಬೇಕಾದ ವಿಷಯವೂ ಅಲ್ಲ. ಗಂಡಸರು ಮೇಲೆ ಹತ್ತಿ ಒಡೆದ ಹಂಚು ಇಳಿಸಿದರು, ಹಂಚು ಹೊರುವ ಮರಗಳಾದ ಪಕ್ಕಾಸು, ರೀಪು ಸುಟ್ಟಿದ್ದವು, ಅವನ್ನು ಕಿತ್ತು ಕೆಳಗೆ ಹಾಕಿದರು. ಇವರು ಮರದ ಮಿಲ್ಲಿಗೆ ಹೋದರೆ ಅಲ್ಲಿಯ ಧಣಿ, "ಮೊದಲು ಮಾಡು ಕಟ್ಟಿ, ಲೆಕ್ಕ ಆಮೇಲೆ" ಎಂದು ಹೊಸ ಪಕ್ಕಾಸು ಕೊಟ್ಟರು. ಹೆಂಗಸರು ಬೂದಿ ಬಾಚಿ, ಗೋಡೆಯ ಮಸಿ ತಿಕ್ಕಿ, ಸುಣ್ಣ ಹೊಡೆದು, ನನ್ನ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ಬೆಳಗಿದರು. ಹಂಚು? ಪ್ರತಿಯೊಂದು ಮನೆಯ ಹಿತ್ತಿಲಿನಿಂದಲೂ ಒರಗಿಸಿಟ್ಟ ಹಂಚುಗಳು ತಲೆ ಮೇಲೆ ಬಂದವು. ಬೇರೆ ಬೇರೆ ಕಾರ್ಖಾನೆಯವು, ಬೇರೆ ಬೇರೆ ವಯಸ್ಸಿನವು. ಮಾತು ಬಿಟ್ಟಿದ್ದ ಎದುರುಮನೆಯವರೂ ತಂದು ಇಳಿಸಿದರು. ಮಾತು ಮಾತ್ರ ಆಡಲಿಲ್ಲ.

ಕಿತ್ತು ಹಾಕಿದ ಸುಟ್ಟ ಮರ ಅಂಗಳದಲ್ಲಿ ಗುಡ್ಡೆ ಬಿದ್ದಿತ್ತು. ಮೇ ತಿಂಗಳಿನಲ್ಲಿ ನಮ್ಮೂರಿನಲ್ಲಿ ಮರದ ಗುಡ್ಡೆಯನ್ನು ಸುಮ್ಮನೆ ಬಿಡುತ್ತಾರಾ? "ಅರ್ಧ ಸುಟ್ಟದ್ದು ಬೇಗ ಹಿಡಿಯುತ್ತದೆ, ಹೊಗೆಯೂ ಇಲ್ಲ" ಎಂದು ಒಬ್ಬರು ಹೇಳಿದರು. ಕೊಡಲಿ ಬಂತು, ಕಡಿದಾಯಿತು, ಕೆಲಸಕ್ಕೆ ಬಂದವರೆಲ್ಲ ಒಂದೊಂದು ಹೊರೆ ಹೊತ್ತುಕೊಂಡು ಹೋದರು. ಕೊಂಡುಹೋಗಿ, ಕೊಂಡುಹೋಗಿ ಎಂದು ನಾನೇ ಒತ್ತಾಯ ಮಾಡಿದೆ. ಆ ಸಂಜೆ ಓಣಿಯ ಎಲ್ಲ ಬಚ್ಚಲುಮನೆಗಳಲ್ಲೂ ನಮ್ಮ ಅಡುಗೆಮನೆಯ ಮಾಡು ಉರಿಯಿತು.

ಒಂದು ಬಚ್ಚಲುಮನೆ ಬಿಟ್ಟು. ಲೀಲಕ್ಕ ಬಂದಿರಲಿಲ್ಲ. ಎರಡು ಮನೆಗಳ ನಡುವೆ ಇದ್ದದ್ದು ಮಡಲಿನ ಬೇಲಿ, ಅದೂ ಸುಟ್ಟುಹೋಗಿ ಈಗ ಏನೂ ಇರಲಿಲ್ಲ. ಆದರೂ ಅವಳು ಆ ಗೆರೆ ದಾಟಲಿಲ್ಲ. ನಾನು ನೋಡಿದರೆ ಒಳಗೆ ಹೋಗುತ್ತಿದ್ದಳು. ಅವಳ ಬಚ್ಚಲುಮನೆಯ ಗೋಡೆ, ಹಂಡೆ, ಒಲೆ ಎಲ್ಲ ಗಟ್ಟಿಯಾಗಿಯೇ ಉಳಿದಿದ್ದವು, ಆದರೆ ಹೊಗೆ ಏಳಲಿಲ್ಲ. ತಣ್ಣೀರಲ್ಲಿ ಮೀಯುತ್ತಿದ್ದಾಳೆ ಎಂದು ಬಾವಿಗೆ ಬಂದವರು ಹೇಳಿದರು. ಅತ್ತೆಯೂ ಅವಳನ್ನು ಕರೆಯಲಿಲ್ಲ. ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಹಂಡೆಯ ಒಲೆಗೆ ಬೆಂಕಿ ಹಾಕಿ, ನೋಡಿಕೊಳ್ಳದೆ ಎಲ್ಲಿಗೋ ಹೋದವಳು ಅವಳು ಎಂದು ಊರೆಲ್ಲ ಹೇಳುತ್ತಿತ್ತು, ಸುಟ್ಟದ್ದು ನನ್ನ ಅಡುಗೆಮನೆ. ಬಂದು ಒಂದು ಮಾತು ಹೇಳಬಾರದಾ ಎಂದು.

ಮರದ ಲೆಕ್ಕ ತೀರಿಸಬೇಕಲ್ಲ. ನಾವು ಹಿಂದೆ ಮನೆಗೆ ಒಂದು ಕೋಣೆ ಸೇರಿಸಲು ಬ್ಯಾಂಕಿನಲ್ಲಿ ಸಾಲ ತೆಗೆದಿದ್ದೆವು, ಅಲ್ಲಿಯೇ ಇನ್ನೊಂದಿಷ್ಟು ಕೇಳೋಣ ಎಂದು ನಾನು ಹೋದೆ. ಕಥೆ ಕೇಳಿದ ಆಫೀಸರು, "ಸಾಲ ಎಂತಕ್ಕೆ? ನಿಮ್ಮ ಮನೆಗೆ ಇನ್ಶೂರೆನ್ಸ್ ಉಂಟಲ್ಲ, ಸಾಲದ ಜೊತೆಯಲ್ಲೇ ಮಾಡಿಸಿದ್ದೇವೆ" ಎಂದರು. ನೀವು ನಗಬೇಡಿ. ದಿನವಿಡೀ ಆಫೀಸಿನಲ್ಲಿ ಬೇರೆಯವರ ಕಾಗದ ಓದುವ ನಾನು, ಸಹಿ ಹಾಕಿದ ನನ್ನದೇ ಕಾಗದ ಓದಿರಲಿಲ್ಲ. ಮನೆಗೆ ಬಂದು ಹೇಳಿದರೆ ಅತ್ತೆ ಹೌಹಾರಿದರು. "ಮನೆ ಸುಡುತ್ತದೆ ಅಂತ ಮೊದಲೇ ದುಡ್ಡು ಕಟ್ಟಿ ಬಂದಿದ್ದೀರಾ? ಮತ್ತೆ ಸುಡದೆ ಬಿಡ್ತದಾ?" ಎಂದರು.

ಈ ಸುದ್ದಿ ಹಬ್ಬಿದ ಮೇಲೆ ಓಣಿಯಲ್ಲಿ ಇನ್ನೊಂದು ಸುದ್ದಿ ಹುಟ್ಟಿತು. ಕಂಪನಿಯವರು ಬರುತ್ತಾರೆ, ಬೆಂಕಿ ಯಾರಿಂದ ಎಂದು ಕೇಳುತ್ತಾರೆ, ನಾವು ಲೀಲಕ್ಕನ ಹೆಸರು ಹೇಳಿದರೆ ಅವಳ ಮೇಲೆ ಕೇಸು, ಹೇಳದಿದ್ದರೆ ನಮಗೆ ಒಂದು ಬಿಡಿಗಾಸೂ ಇಲ್ಲ. ಯಾರು ಹುಟ್ಟಿಸಿದರೋ ದೇವರಿಗೇ ಗೊತ್ತು, ಕೇಳಿದವರೆಲ್ಲ ನಂಬಿದರು, ನಾನೂ ನಂಬಿದೆ. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಮುಂಬಯಿಯಲ್ಲಿ ಗಂಡ, ಇಲ್ಲಿ ಒಬ್ಬಳೇ ಹೆಂಗಸು, ಅವಳ ಬಾಗಿಲಿಗೆ ಪೋಲೀಸರು ಬಂದರೆ? ಅದಕ್ಕೆ ನನ್ನ ಬಾಯಿ ಕಾರಣವಾದರೆ? ಆ ಸಂಜೆ ನಾನೇ ಅವಳ ಮನೆಗೆ ಹೋದೆ. ಬೀಡಿಯ ಮೊರ ಮುಂದೆ ಇತ್ತು, ಕೈ ಕೆಲಸ ಮಾಡುತ್ತಿರಲಿಲ್ಲ.

"ಇದ್ದದ್ದನ್ನು ಇದ್ದ ಹಾಗೇ ಹೇಳಿ ಶಶಿಯಕ್ಕಾ," ಎಂದಳು. "ನಾನು ಹಂಡೆಗೆ ಬೆಂಕಿ ಹಾಕಿ ಬಿಟ್ಟು ಹೋದದ್ದು ಹೌದು."

"ಎಲ್ಲಿಗೆ ಹೋಗಿದ್ದಿ ಮಾರಾಯ್ತಿ?"

ಅವಳು ಎದ್ದು, ನೀರು ಬೇಕಾ ಎಂದು ಕೇಳಿದಳು. ನಾನು ಬೇಡ ಎಂದು ಎದ್ದು ಬಂದೆ.

ಕಂಪನಿಯವರು ನಷ್ಟ ನೋಡಲು ಕಳಿಸಿದ ಸರ್ವೇಯರು ಒಂದು ಬೆಳಿಗ್ಗೆ ಮೋಟಾರ್ ಸೈಕಲ್ಲಿನಲ್ಲಿ ಬಂದರು. ಗದಗದ ಕಡೆಯವರು, ಉಡುಪಿಗೆ ಬಂದು ನೆಲೆಸಿದವರು. ಹೆಗಲಲ್ಲಿ ಕ್ಯಾಮರಾ, ಕೈಯಲ್ಲಿ ಟೇಪು. ಅಡುಗೆಮನೆಗೆ ಹೋದರು, ಉಗ್ರಾಣಕ್ಕೆ ಹೋದರು, ಮೇಲೆ ನೋಡಿದರು, ಕೆಳಗೆ ನೋಡಿದರು. ಸುಣ್ಣದ ಗೋಡೆ ಫಳಫಳ, ಪಾತ್ರೆ ಫಳಫಳ.

"ಅಲ್ರೀ ಅಕ್ಕಾರ, ಬೆಂಕಿ ಎಲ್ಲಿ ಬಿದ್ದಿತ್ರೀ? ಮನಿ ಮದಿವಿಗೆ ತಯಾರಾದಂಗ ಐತಲ್ರೀ!"

ಊರವರು ರಿಪೇರಿ ಮಾಡಿದರು ಎಂದೆ. ನಾವು ಬರೂತನಾ ಹಾಂಗ ಬಿಡಬೇಕಿತ್ರೀ ಎಂದರು. ನಮಗೆ ಇನ್ಶೂರೆನ್ಸ್ ಇರುವುದೇ ಆಮೇಲೆ ಗೊತ್ತಾದದ್ದು, ಅಲ್ಲದೆ ಮಳೆ ನಿಮಗಾಗಿ ಕಾಯುತ್ತದಾ ಎಂದೆ. ಅವರು ಹಣೆ ಒರೆಸಿಕೊಂಡು, "ಹೋಗ್ಲಿ, ಸುಟ್ಟ ಕಟಗಿ ತೋರಸ್ರಿ. ಅದನ್ನ ಅಳತಿ ಮಾಡಿದ್ರ ಸಾಕು," ಎಂದರು.

ನಾನು ಇವರ ಮುಖ ನೋಡಿದೆ, ಇವರು ನನ್ನ ಮುಖ ನೋಡಿದರು. ಅಂದು ರಜೆ ಹಾಕಿ ಕೂತಿದ್ದ ಧೈರ್ಯವಂತರು ಮಾಡಿನ ಹಂಚು ಎಣಿಸತೊಡಗಿದರು.

"ಒಲೆಗೆ ಹಾಕಿದೆವು," ಎಂದೆ.

"ಒಲಿಗೆ?"

"ಬಚ್ಚಲ ಒಲೆಗೆ. ನೀರು ಕಾಯಿಸಲಿಕ್ಕೆ."

"ಎಲ್ಲಾ?"

"ನಮ್ಮದು ಎಲ್ಲ ಆಯಿತು. ಓಣಿಯವರದ್ದು ಕೇಳಬೇಕು."

ಆ ಮನುಷ್ಯ ಜಗಲಿಯ ಮೇಲೆ ಕೂತೇಬಿಟ್ಟರು. "ಪುರಾವೆ ಸುಟ್ಟು, ನೀರು ಕಾಸಿ, ಊರಿಗೆ ಊರೇ ಜಳಕಾ ಮಾಡಿಬಿಟ್ಟೀರಿ ಹಂಗಾದ್ರ! ಎಷ್ಟೋ ಬೆಂಕಿ ನೋಡೀನ್ರೀ, ಇಂಥಾದ್ದು ನೋಡಿಲ್ಲ," ಎಂದು ನಗತೊಡಗಿದರು. ನನಗೆ ನಗು ಬರಲಿಲ್ಲ. ಆಮೇಲೆ ಬಂತು.

ಉಳಿದದ್ದಾದರೂ ಸಿಗಬಹುದೆಂದು ನಾನು ಮನೆ ಮನೆಗೆ ಓಡಿದೆ. ಅಲ್ಲಿ ಇನ್ನೊಂದು ಫಜೀತಿ. ಕ್ಯಾಮರಾದವರು ಬಂದದ್ದನ್ನು ನೋಡಿ, ಸುಟ್ಟ ಮನೆಯ ಮರ ಕದ್ದವರನ್ನು ಹಿಡಿಯಲು ಬಂದಿದ್ದಾರೆ ಎಂದು ಓಣಿಯವರು ತಿಳಿದುಕೊಂಡಿದ್ದರು. "ಮರವಾ? ಯಾವ ಮರ? ನಮ್ಮಲ್ಲಿ ಗ್ಯಾಸ್ ಉಂಟಲ್ಲ ಶಶಿಯಕ್ಕಾ," ಎನ್ನುತ್ತಾರೆ! ಹೊರೆ ಹೊರಿಸಿ ಕಳಿಸಿದವಳು ನಾನೇ, ನನ್ನ ಮುಂದೆಯೇ ಹೀಗೆ. ಒಬ್ಬಳಂತೂ ಬಚ್ಚಲುಮನೆಗೆ ಬೀಗ ಹಾಕಿಕೊಂಡು ಸಂತೆಗೆ ಹೋಗಿದ್ದಳು. ನಾನು ಓಣಿಯ ನಡುವೆ ನಿಂತು ಗಟ್ಟಿಯಾಗಿ, "ಅಯ್ಯೋ ನಿಮ್ಮನ್ನು ಹಿಡಿಯಲಿಕ್ಕಲ್ಲ, ನನ್ನನ್ನು ಬದುಕಿಸಲಿಕ್ಕೆ ಬೇಕು!" ಎಂದು ಕೂಗಿದೆ.

ಆಗ ಬಂದವು ನೋಡಿ. ಮೊದಲು ಎದುರುಮನೆಯಿಂದ. ಆ ಮನೆಯ ಯಜಮಾನರು ಎರಡು ಸುಟ್ಟ ತುಂಡುಗಳನ್ನು ಹೆಗಲ ಮೇಲಿಟ್ಟುಕೊಂಡು ಬಂದು, "ನಮ್ಮಲ್ಲಿ ಇಷ್ಟು ಉಳಿದಿದೆ, ಸಾಕಾ?" ಎಂದರು. ಎರಡು ವರ್ಷದ ಮೇಲೆ ನಮ್ಮೊಡನೆ ಆಡಿದ ಮೊದಲ ಮಾತು ಅದು. ಅವರ ಹಿಂದೆ ಬುಟ್ಟಿಯಲ್ಲಿ, ಸೊಂಟದಲ್ಲಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಒಬ್ಬೊಬ್ಬರೇ ಬಂದರು. ಮಳೆಗಾಲಕ್ಕೆಂದು ಅಟ್ಟದಲ್ಲಿ ಜೋಪಾನ ಮಾಡಿದ್ದನ್ನೂ ಇಳಿಸಿ ತಂದರು. ಒಬ್ಬ ಅಜ್ಜಿ ಒಲೆಯೊಳಗಿಂದ ಎಳೆದು ತಂದ ಕೊಳ್ಳಿ ಇನ್ನೂ ಹೊಗೆಯಾಡುತ್ತಿತ್ತು. ಸರ್ವೇಯರು ಹೌಹಾರಿ, "ಅಜ್ಜೀ, ಅದನ್ನ ಮೊದಲ ಆರಸ್ರಿ, ಇನ್ನೊಂದು ಕ್ಲೇಮ್ ಬ್ಯಾಡ!" ಎಂದರು. ಅಂಗಳದಲ್ಲಿ ತುಂಡುಗಳನ್ನು ಸಾಲಾಗಿ ಇಟ್ಟು, ಬಾಗಿ ಬಾಗಿ ಟೇಪು ಹಿಡಿದು, ಫೋಟೋ ತೆಗೆದರು. ಫೋಟೋದಲ್ಲಿ ಮರಕ್ಕಿಂತ ಜನ ಹೆಚ್ಚಿದ್ದರು. ನಾನು ಮೂಲೆಯಲ್ಲಿ ನಿಂತು ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಇಷ್ಟು ಜನ ನಮ್ಮವರು ಎಂದು ಬೆಂಕಿ ಬೀಳುವವರೆಗೆ ನನಗೆ ಗೊತ್ತಿರಲಿಲ್ಲ.

ಅಳತೆ ಮುಗಿಸಿ ಸರ್ವೇಯರು ಜಗಲಿಗೆ ಬಂದು, "ಇನ್ನ ಒಂದ ಉಳೀತ್ರೀ. ಬೆಂಕಿ ಹೆಂಗ ಹತ್ತಿತು?" ಎಂದರು.

ಅಂಗಳದವರೆಲ್ಲ ನಮ್ಮ ಕಡೆ ತಿರುಗಿದರು. ಮಗ್ಗುಲ ಮನೆಯ ಒಲೆಯಿಂದ ಕಿಡಿ ಹಾರಿತು ಎಂದು ಇವರು ಮೆಲ್ಲಗೆ ಹೇಳಿದರು. ಒಲೆ ಹಚ್ಚಿದವರು ಯಾರು, ಅಲ್ಲೇ ಇದ್ದರೇನು ಎಂದು ಅವರು ಕೇಳುವಷ್ಟರಲ್ಲಿ ಲೀಲಕ್ಕ ಬೇಲಿ ಇದ್ದ ಜಾಗದವರೆಗೆ ಬಂದು ನಿಂತಿದ್ದಳು. ಗೆರೆ ದಾಟಲಿಲ್ಲ.

"ನಾನೇ. ಹಂಡೆಗೆ ಬೆಂಕಿ ಹಾಕಿ ಬಿಟ್ಟು ಹೋಗಿದ್ದೆ. ಇವರದ್ದು ಎಂತ ತಪ್ಪೂ ಇಲ್ಲ."

"ಎಲ್ಲಿ ಹೋಗಿದ್ರೀ?"

"ಹೀಗೇ, ಹೊರಗೆ."

"ಹೊರಗೆ ಎಂತ ಹೊರಗೆ!" ಎಂದು ಜಗಲಿಯ ಮೂಲೆಯಿಂದ ಅತ್ತೆ ಎದ್ದರು. ಅತ್ತೆಗೆ ಬರುತ್ತಿದ್ದದ್ದು ಸಣ್ಣ ತರಗತಿಯ ಪುಸ್ತಕದ ಕನ್ನಡ. ಅದನ್ನೇ ಒಂದೊಂದಾಗಿ ಇಳಿಸಿದರು. "ನಮ್ಮ ಅಂಗಳಕ್ಕೆ ಬಂದದ್ದು. ನಾನು ಕರೆದದ್ದು. ಹಲಸಿನ ಹಪ್ಪಳ ಒಣಗಲು ಹಾಕಿದ್ದೆನು. ಪಡುವಣದಲ್ಲಿ ಕಪ್ಪು ಮೋಡ ಬಂದಿತು. ನನ್ನಿಂದ ಚಾಪೆ ಎತ್ತಲು ಆಗುವುದಿಲ್ಲ, ಸೊಂಟ ನೋವು. ಲೀಲಾ, ಓಡಿ ಬಾ, ಎಂದು ಬೊಬ್ಬೆ ಹಾಕಿದೆನು. ಇವಳು ಒಲೆಗೆ ಬೆಂಕಿ ಹಾಕಿದ್ದಳು, ಬಿಟ್ಟು ಓಡಿ ಬಂದಳು. ನಾವಿಬ್ಬರೂ ಹಪ್ಪಳ ತೆಗೆಯುತ್ತಾ ಇರುವಾಗ ಅಲ್ಲಿ ಬೆಂಕಿ ಹಿಡಿಯಿತು. ಯಾರ ಹೆಸರಾದರೂ ಬರೆಯಬೇಕು ಎಂದಾದರೆ ನನ್ನ ಹೆಸರು ಬರೆಯಿರಿ."

ಸರ್ವೇಯರು ಆಕಾಶದ ಕಡೆ ನೋಡಿ, "ಮಳಿ ಬಂತೇನ್ರೀ ಅಜ್ಜೀ?" ಎಂದು ಕೇಳಿದರು.

"ಬರಲಿಲ್ಲ," ಎಂದರು ಅತ್ತೆ. "ಬರೀ ಗಾಳಿ ಬಂತು."

ಆ ಗಾಳಿಯೇ ಕಿಡಿ ಹಾರಿಸಿದ್ದು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ಅತ್ತೆ ನನ್ನ ಮುಖ ನೋಡದೆ, ತುಳುವಿನಲ್ಲಿ, "ಹೇಗೆ ಹೇಳುವುದು ಶಶೀ? ನನ್ನ ಹಪ್ಪಳಕ್ಕಾಗಿ ನಿನ್ನ ಅಡುಗೆಮನೆ ಸುಟ್ಟಿತು ಅಂತ ಯಾವ ಬಾಯಲ್ಲಿ ಹೇಳಲಿ?" ಎಂದರು. ಲೀಲಕ್ಕನ ಕಡೆ ತಿರುಗಿದೆ. "ಅಮ್ಮನೇ ಹೇಳದ್ದನ್ನು ನಾನು ಹೇಗೆ ಹೇಳಲಿ?" ಎಂದಳು ಅವಳು. ಊರೆಲ್ಲ ಅವಳನ್ನು ಬೈಯುವಾಗ, ಕೇಸು ಎಂದು ಹೆದರಿಸುವಾಗ, ನಾನು ಮನಸ್ಸಿನಲ್ಲೇ ಶಪಿಸುವಾಗ, ಒಂದು ಮಾತು ಹೇಳಿದ್ದರೆ ಅವಳು ತಪ್ಪಿಸಿಕೊಳ್ಳಬಹುದಿತ್ತು. ಹೇಳಲಿಲ್ಲ. ನಮ್ಮ ಮನೆಯ ಮುದುಕಿಯ ಮಾನ ಉಳಿಸಿಕೊಂಡು ತಣ್ಣೀರಲ್ಲಿ ಮಿಂದಳು. ನನಗೆ ಅಲ್ಲೇ, ಎಲ್ಲರ ಎದುರೇ ಅಳು ಬಂತು.

ಸರ್ವೇಯರು ಪೆನ್ನು ಜೇಬಿಗಿಟ್ಟರು. "ಯಾರ ಹೆಸರೂ ಬ್ಯಾಡ್ರೀ. ಹಿಡಕೊಂಡು ಹೋಗಾಕ ನಾ ಏನ್ ಪೋಲೀಸನ? ಗಾಳಿಗೆ ಒಲಿಯಾಗಿನ ಕಿಡಿ ಹಾರಿ ಬೆಂಕಿ ಬಿತ್ತು. ಯಾರೂ ಬೇಕಂತ ಹಚ್ಚಿಲ್ಲ. ಇದ್ದದ್ದನ್ನ ಬರೀತೀನಿ, ಅದಕ್ಕ ಏನಂತಾರ ಗೊತ್ತೇನ್ರೀ? ಆಕಸ್ಮಿಕ ಅಂತಾರ." ಅತ್ತೆ ಒಳಗೆ ಹೋಗಿ ಹಪ್ಪಳ ಕಾಯಿಸಲು ಹೊರಟರೆ, ಕ್ಲೇಮ್ ಇದ್ದ ಮನೆಯಲ್ಲಿ ಏನೂ ತಿನ್ನುವುದಿಲ್ಲ ಎಂದು ಕೈ ಮುಗಿದರು. ಬಾವಿಯ ನೀರು ಮಾತ್ರ ಕೇಳಿ ಕುಡಿದರು. ಆ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ. ಎಲ್ಲಿದ್ದರೂ ಅವರ ಹೊಟ್ಟೆ ತಣ್ಣಗಿರಲಿ.

ಹಣ ಬಂತು. ಹಳೆಯ ಮನೆ, ಸವಕಳಿ ಎಂದು ಒಂದಿಷ್ಟು ಹಿಡಿದರು, ಊರವರು ಕೊಟ್ಟ ಹಂಚಿಗೆ ಬಿಲ್ಲು ಎಲ್ಲಿ ಎಂದು ಇನ್ನಷ್ಟು ಹಿಡಿದರು. ಬಿಲ್ಲು ಎಲ್ಲಿಂದ ತರುವುದು ಹೇಳಿ. ಮರದ ಮಿಲ್ಲಿನ ಲೆಕ್ಕ ತೀರಿತು, ಅದೇ ದೊಡ್ಡದು. ಹಂಚು ಹಿಂದೆ ಕೊಡಲು ಹೋದರೆ ಯಾರೂ ತೆಗೆದುಕೊಳ್ಳಲಿಲ್ಲ. ಮತ್ತೆ ಅಟ್ಟಕ್ಕೆ ಹೋದ ಸುಟ್ಟ ತುಂಡುಗಳಲ್ಲಿ ಮಳೆಗಾಲದ ನೀರು ಕಾಯಿತು. ಎದುರುಮನೆಯವರು ಮಾತಾಡತೊಡಗಿದವರು ಈಗ ನಿಲ್ಲಿಸಿ ಎಂದರೂ ನಿಲ್ಲಿಸುವುದಿಲ್ಲ.

ಲೀಲಕ್ಕನ ಕೊಟ್ಟಿಗೆಯನ್ನು ಇವರೇ ನಿಂತು ಕಟ್ಟಿಸಿದರು, ಈ ಸಲ ಒಲೆಯಿಂದ ದೂರ, ಹಂಚು ಹೊದೆಸಿ. ಲೀಲಕ್ಕ ನಮ್ಮ ಅಂಗಳಕ್ಕೂ ಬಂದಳು, ಜಗಲಿಯಲ್ಲಿ ಮೊರವೂ ಇಟ್ಟಳು. ಆದರೆ ಒಲೆ ಮಾತ್ರ ಹಚ್ಚಲಿಲ್ಲ. ಕೇಳಿದರೆ, "ಕಡ್ಡಿ ಗೀರಲು ಹೋದರೆ ನಿಮ್ಮ ಮಾಡು ಹೊತ್ತಿದ್ದೇ ಕಾಣುತ್ತದೆ ಶಶಿಯಕ್ಕಾ," ಎಂದಳು. ಜಡಿಮಳೆಯಲ್ಲಿಯೂ ತಣ್ಣೀರು, ಮೈಯಲ್ಲಿ ಸಣ್ಣ ಜ್ವರ. ನಮ್ಮಲ್ಲಿಗೆ ಬಂದು ಮೀಯಿ ಎಂದರೆ ಬೇಡ ಎನ್ನುತ್ತಿದ್ದಳು.

ಒಂದು ಭಾನುವಾರ ಅತ್ತೆ ಸೀರೆ, ಟವೆಲು, ಎಣ್ಣೆಯ ಬಾಟಲಿ ಹಿಡಿದು, ತಲೆಗೆ ಓಲೆಯ ಗೊರಬು ಹಾಕಿಕೊಂಡು ಮಳೆಯಲ್ಲೇ ಹೊರಟರು. ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಅಂಗಳ ದಾಟಿದ್ದರು. ಬೀಳುತ್ತಾರೇನೋ ಎಂದು ನಾನೂ ಹಿಂದೆ ಹೋದೆ. ನೇರವಾಗಿ ಲೀಲಕ್ಕನ ಬಚ್ಚಲುಮನೆಗೆ ಹೋಗಿ, ಒಲೆಯ ಎದುರು ಕಲ್ಲಿನ ಮೇಲೆ ಕೂತುಬಿಟ್ಟರು.

"ಲೀಲಾ, ಇವತ್ತು ನನಗೆ ಇಲ್ಲಿ ಸ್ನಾನ. ನೀರು ಕಾಯಿಸು."

"ನನ್ನಿಂದಾಗುವುದಿಲ್ಲ ಅಮ್ಮಾ."

"ಹಚ್ಚುವುದು ಮಾತ್ರ ನಿನ್ನ ಕೆಲಸ. ನೋಡಿಕೊಳ್ಳುವುದು ನನ್ನದು. ಆರುವವರೆಗೆ ನಾನು ಇಲ್ಲಿಂದ ಏಳುವುದಿಲ್ಲ."

ಲೀಲಕ್ಕ ನಿಂತಳು, ಕೂತಳು, ಹೊರಗೆ ಹೋದಳು, ಒಳಗೆ ಬಂದಳು. ಅತ್ತೆ ಅಲುಗಲಿಲ್ಲ. ಕೊನೆಗೆ ಕಡ್ಡಿ ಗೀರುವ ಸದ್ದು ಕೇಳಿತು. ಆರಿತು. ಇನ್ನೊಂದು ಗೀರಿದಳು. ನಾನು ಬಾಗಿಲಲ್ಲಿ ನಿಲ್ಲಲಾರದೆ ಮನೆಗೆ ಬಂದೆ. ಅಡ್ಡ ಹೊಡೆಯುವ ಮಳೆಯಲ್ಲಿ, ಅವಳ ಬಚ್ಚಲುಮನೆಯ ಹಂಚುಗಳ ಸಂದಿಯಿಂದ ಹೊಗೆ ಏಳುವುದನ್ನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದೆ. ಬಹಳ ಹೊತ್ತಾಯಿತು. ಅತ್ತೆ ಹೇಳಿದ ಹಾಗೆಯೇ ಮಾಡಿದರು, ಬೆಂಕಿ ಆರುವವರೆಗೆ ಏಳಲಿಲ್ಲ. ತಲೆಗೆ ಟವೆಲು ಸುತ್ತಿಕೊಂಡು, ಹೊಗೆಗೋ ಬೇರೆ ಯಾವುದಕ್ಕೋ ಕೆಂಪಾದ ಕಣ್ಣು ಮಾಡಿಕೊಂಡು ಬಂದವರು, ಕಿಟಕಿಯಲ್ಲಿ ನಿಂತ ನನ್ನನ್ನು ನೋಡಿ ಗದರಿದರು.

"ಎಂತ ನೋಡ್ತಿ? ಹಂಡೆಯಲ್ಲಿ ನೀರು ಇನ್ನೂ ಬಿಸಿ ಉಂಟು. ಲೀಲಾ ಮಿಂದಾಯಿತು. ನೀನೂ ಹೋಗಿ ಮಿಂದು ಬಾ."

ಹೋದೆ.